ಮೂರು ವರ್ಷದ ಕಾಬ್ ಕುದುರೆ ಸಿಕ್ಕಿದೆ, ತರಲೇ ಬೇಡವೇ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು, ಎಳೆಯ ಕಾಬ್ ಕುದುರೆ. ಮೊದಲನೆಯದಕ್ಕೆ ಉದ್ದ ಉತ್ತರವೇ ಬೇಕಿತ್ತು. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮಗೆ ಬೇಕಾದ್ದು ಅದರಲ್ಲೂ ಸ್ವಲ್ಪ ಸಿಗುತ್ತದೆ.

ಪ್ರಶ್ನೆ: ಏಳು ವರ್ಷದಿಂದ ಕುದುರೆ ಸವಾರಿ ಮಾಡುತ್ತಿದ್ದೇನೆ, ಎಲ್ಲ ಬೇರೆಯವರ, ಚೆನ್ನಾಗಿ ಪಳಗಿದ, ವಯಸ್ಸಾದ ಕುದುರೆಗಳ ಮೇಲೆ. ಈಗ ಸ್ವಂತದ್ದೊಂದು ಬೇಕು ಅನ್ನಿಸಿದೆ. ಮೂರು ವರ್ಷದ ಕಾಬ್ ಒಂದು ಮಾರಾಟಕ್ಕಿದೆ. ಬೀಜ ಒಡೆಸಿದ ಗಂಡು, ಇನ್ನೂ ಯಾರೂ ಹತ್ತಿಲ್ಲ. ಎರಡು ಸಲ ಹೋಗಿ ನೋಡಿ ಬಂದೆ. ಹಗ್ಗ ಹಿಡಿದು ನಡೆದರೆ ಹಿಂದೆಯೇ ಬರುತ್ತದೆ, ಬೆನ್ನ ಮೇಲೆ ಕೈ ಹಾಕಿದರೂ ಸುಮ್ಮನೆ ನಿಂತಿರುತ್ತದೆ. ಪಳಗಿದ ಕುದುರೆಗಿಂತ ತುಂಬಾ ಕಡಿಮೆಗೆ ಸಿಗುತ್ತಿದೆ. ಗೆಳತಿ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಚಿಕ್ಕದನ್ನೇ ತಗೊಂಡು ಬೇಕಾದ ಹಾಗೆ ತಿದ್ದಿಕೋ" ಅನ್ನುತ್ತಾಳೆ. ಸವಾರಿ ಕಲಿಸಿದ ಮೇಷ್ಟ್ರು ಬೇಡವೇ ಬೇಡ ಅನ್ನುತ್ತಾರೆ, ಕಾರಣ ಮಾತ್ರ ಹೇಳುವುದಿಲ್ಲ. ನಾನು ಕೆಲಸಕ್ಕೆ ಹೋಗುವವಳು, ಸಂಜೆ ಮತ್ತು ರಜಾ ದಿನ ಬಿಡುವು. ಏನು ಮಾಡಲಿ?

ಉತ್ತರ: ಮೇಷ್ಟ್ರು ಹೇಳದ ಕಾರಣ ನಿಮ್ಮ ಪತ್ರದಲ್ಲೇ ಇದೆ ಅನ್ನಿಸಿತು. "ಸುಮ್ಮನೆ ನಿಂತಿರುತ್ತದೆ" ಅಂತ ಬರೆದಿದ್ದೀರಿ. ಸುಮ್ಮನೆ ನಿಂತಿರುವ ಕುದುರೆ ಬೇರೆ, ನಿಲ್ಲುವುದನ್ನು ಕಲಿತ ಕುದುರೆ ಬೇರೆ. ಎಳೆಯ ಕಾಬ್ ತರಬೇಕೋ ಬೇಡವೋ ಅನ್ನುವ ಲೆಕ್ಕದಲ್ಲಿ ಜನ ಜಾಸ್ತಿ ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾಬ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಕಾಬ್ ಅನ್ನುವುದು ಒಂದು ತಳಿಗಿಂತ ಹೆಚ್ಚಾಗಿ ಒಂದು ಮೈಕಟ್ಟಿನ ಹೆಸರು. ಗಿಡ್ಡ ದಪ್ಪ ಕಾಲು, ಅಗಲ ಎದೆ, ಗಟ್ಟಿ ಕುತ್ತಿಗೆ, ದುಂಡಗಿನ ಹಿಂಭಾಗ. ಬ್ರಿಟನ್, ಐರ್ಲೆಂಡ್ ಕಡೆ ಗಾಡಿಗೂ ಸವಾರಿಗೂ ಒಂದೇ ಕುದುರೆ ಸಾಕು ಅನ್ನುವವರು ಇಟ್ಟುಕೊಳ್ಳುತ್ತಿದ್ದದ್ದು ಇಂಥದ್ದನ್ನೇ. ವೆಲ್ಷ್ ಕಾಬ್‌ಗೆ ಮಾತ್ರ ಹಳೆಯ ವಂಶಾವಳಿ ಪುಸ್ತಕವಿದೆ, ಅದು ತಳಿಯೇ. ಮೊಣಕಾಲಿನ ಕೆಳಗೆ ಉದ್ದ ಕೂದಲು ಇಳಿಬಿದ್ದಿರುತ್ತದಲ್ಲ, ಆ ಜಿಪ್ಸಿ ಕಾಬ್ ರೋಮಾನಿ ಜನ ತಮ್ಮ ಮನೆಗಾಡಿ ಎಳೆಯಲು ಬೆಳೆಸಿಕೊಂಡದ್ದು. ಬ್ರಿಟನ್ನಿನ ಪ್ರದರ್ಶನಗಳಲ್ಲಿ ಸವಾರಿ ಕಾಬ್ ಅಂದರೆ ಭುಜದ ಹತ್ತಿರ 148ರಿಂದ 155 ಸೆಂಟಿಮೀಟರ್ ಎತ್ತರ, ಅಷ್ಟೇ. ಆದರೆ ತೂಕ 500 ಕೆಜಿ ಆಚೀಚೆ ಇರುತ್ತದೆ. ಈ ಗಿಡ್ಡ ಮೈಯ ಭಾರಿ ತೂಕವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೂರು ವರ್ಷಕ್ಕೇ ಕಾಬ್ ನೋಡಲು ಪೂರ್ತಿ ಬೆಳೆದ ಹಾಗೆ ಕಾಣುತ್ತದೆ. ತೆಳ್ಳಗಿನ ಉದ್ದ ಕಾಲಿನ ಕುದುರೆಗಳ ಮರಿ ಮರಿಯ ಹಾಗೇ ಕಾಣುತ್ತದೆ, ನೋಡಿದವರಿಗೆ ಅಯ್ಯೋ ಇನ್ನೂ ಚಿಕ್ಕದು ಅನ್ನಿಸುತ್ತದೆ. ಕಾಬ್ ನೋಡಿದರೆ ಹಾಗನ್ನಿಸುವುದಿಲ್ಲ. ಅಗಲ ಬೆನ್ನು ನೋಡಿ ಇದು ನನ್ನನ್ನು ಹೊರುತ್ತದೆ ಅಂತಲೇ ಅನ್ನಿಸುತ್ತದೆ. ಒಳಗೆ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಮೂಳೆಯ ತುದಿಯಲ್ಲಿ ಮೆತ್ತಗಿನ ಭಾಗವಿರುತ್ತದೆ, ಬೆಳವಣಿಗೆ ಆಗುವುದೇ ಅಲ್ಲಿ, ಅದು ಗಟ್ಟಿಯಾಗಿ ಕೂಡಿಕೊಂಡರೆ ಬೆಳವಣಿಗೆ ಮುಗಿದಂತೆ. ಕಾಲಿನ ಕೆಳಭಾಗದಲ್ಲಿ ಅದು ಬೇಗ ಆಗುತ್ತದೆ, ಮೇಲೆ ಮೇಲೆ ಹೋದಂತೆ ತಡ. ಬೆನ್ನುಮೂಳೆ ಎಲ್ಲಕ್ಕಿಂತ ಕೊನೆ, ಐದೂವರೆ ಆರು ವರ್ಷದವರೆಗೂ ಹೋಗುತ್ತದೆ. ನಾವು ಕೂರುವುದು ಅದರ ಮೇಲೇ ಅಲ್ವಾ?

ಬಾಯಿಯ ಕಥೆಯೂ ಹಾಗೇ. ಮುಂದಿನ ಹಾಲುಹಲ್ಲು ಬಿದ್ದು ನಡುವಿನ ಜೋಡಿ ಸುಮಾರು ಎರಡೂವರೆ ವರ್ಷಕ್ಕೆ ಬರುತ್ತದೆ, ಅದರ ಪಕ್ಕದ್ದು ಮೂರೂವರೆಗೆ, ಮೂಲೆಯದು ನಾಲ್ಕೂವರೆಗೆ. ಹಲ್ಲೆಲ್ಲ ಬಂದು ಬಾಯಿಗೂಡುವುದು ಐದಕ್ಕೆ. ಇದೇ ಸಮಯದಲ್ಲಿ ಹಿಂದಿನ ಹಲ್ಲುಗಳೂ ಸಿಪ್ಪೆಯ ಹಾಗೆ ಕಳಚುತ್ತಿರುತ್ತವೆ. ಅಂದರೆ ಮೂರು ವರ್ಷದ ಕುದುರೆಗೆ ಕಡಿವಾಣ ಹಾಕಿದಾಗ ತಲೆ ಕೊಡವಿದರೆ ಅದು ಹಟ ಅಲ್ಲದಿರಬಹುದು, ಒಸಡು ನೋಯುತ್ತಿರಬಹುದು. ಹಲ್ಲು ನೋಡುವ ಕೆಲಸದ ಇನ್ನೊಂದು ಲಾಭ, ಮಾರುವವರು ಹೇಳಿದ ವಯಸ್ಸು ನಿಜವೋ ಅಲ್ಲವೋ ಬಾಯಿಯೇ ಹೇಳುತ್ತದೆ. ಮೂರು ಅಂದದ್ದು ಎರಡೇ ಆಗಿರುವುದನ್ನು ನಾನು ನೋಡಿದ್ದೇನೆ.

ಈಗ ಆ ಸುಮ್ಮನೆ ನಿಲ್ಲುವ ವಿಷಯ. ನನ್ನದೇ ಅನುಭವ ಹೇಳುತ್ತೇನೆ. ಬಹಳ ವರ್ಷದ ಹಿಂದೆ ನಾನೂ ಮೂರು ವರ್ಷದ ಕಾಬ್ ಒಂದನ್ನು ತಂದಿದ್ದೆ, ಕಪ್ಪು ಬಿಳುಪು ಮಚ್ಚೆಯದು. ಬಡಕಲಾಗಿತ್ತು, ಉದ್ದ ಕೂದಲಿನ ಕೆಳಗೆ ಕೈ ಹಾಕಿದರೆ ಪಕ್ಕೆಲುಬು ಒಂದೊಂದೇ ಸಿಗುತ್ತಿತ್ತು. ಮೊದಲ ಐದಾರು ವಾರ ದೇವರಂಥ ಕುದುರೆ. ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಲ್ಲುತ್ತಿತ್ತು. ಬಂದವರೆಲ್ಲ ಎಂಥ ಸ್ವಭಾವ ಅಂತ ಹೊಗಳಿದ್ದೇ ಹೊಗಳಿದ್ದು. ಹೊಟ್ಟೆ ತುಂಬಾ ಹುಲ್ಲು ಬಿತ್ತು, ಜಂತಿಗೆ ಔಷಧಿ ಆಯಿತು, ಮೈ ತುಂಬಿಕೊಂಡಿತು. ಏಳನೇ ವಾರದಲ್ಲಿ ಒಂದು ಬೆಳಿಗ್ಗೆ ಗೇಟಿನಿಂದ ಹೊರಗೆ ಕರೆದುಕೊಂಡು ಹೋಗುವಾಗ ನಿಂತಿತು, ಹಿಂದೆ ಉಳಿದ ಜೊತೆಗಾರ ಕುದುರೆಯ ಕಡೆ ತಲೆ ತಿರುಗಿಸಿತು, ಆಮೇಲೆ ಆ ಕಡೆಗೇ ಹೊರಟಿತು. ನಾನು ನಡುವೆ ಇದ್ದೇನೆ ಅನ್ನುವುದು ಅದರ ಲೆಕ್ಕಕ್ಕೇ ಬರಲಿಲ್ಲ. ಭುಜ ಕೊಟ್ಟು ನನ್ನನ್ನು ಗೇಟಿನ ಕಂಬಕ್ಕೆ ಒತ್ತಿಕೊಂಡೇ ಹೋಯಿತು. ಹಗ್ಗ ಅಂಗೈ ಚರ್ಮ ಸುಲಿದುಕೊಂಡು ಜಾರಿತು. ಅದರಲ್ಲಿ ಸಿಟ್ಟಿರಲಿಲ್ಲ, ಕೆಟ್ಟತನವೂ ಇರಲಿಲ್ಲ, ಒದೆಯಲೂ ಇಲ್ಲ. ಅಷ್ಟು ದಿನ ಅದಕ್ಕೆ ಶಕ್ತಿ ಇರಲಿಲ್ಲ, ಈಗ ಬಂದಿತ್ತು. ಮತ್ತು ತಾನು ಹೊರಟರೆ ಯಾರೂ ಹಿಡಿಯಲಾರರು ಅಂತ ಅವತ್ತು ಒಂದೇ ಸಲಕ್ಕೆ ಕಲಿತುಬಿಟ್ಟಿತು. ಅದನ್ನು ಮರೆಸಲು ನನಗೆ ಎರಡು ತಿಂಗಳು ಹಿಡಿಯಿತು, ಅದೂ ನನಗಿಂತ ಗೊತ್ತಿದ್ದವರು ಜೊತೆಗೆ ನಿಂತು ತೋರಿಸಿದ್ದಕ್ಕೆ.

ಹಾಗಾಗಿ ನೀವು ನೋಡಿದ ಕುದುರೆ ಶಾಂತವಾಗಿದೆ ಅಂದಾಗ ನಾನು ಕೇಳುವುದು: ಮೈ ಹೇಗಿದೆ? ತೆಳ್ಳಗಿದೆಯೇ? ಈಗಷ್ಟೇ ಬೇರೆ ಕಡೆಯಿಂದ ಬಂದು ಕಂಗಾಲಾಗಿದೆಯೇ? ಅದಕ್ಕೆ ಇಷ್ಟವಿಲ್ಲದ್ದನ್ನು ಯಾರಾದರೂ ಇದುವರೆಗೆ ಮಾಡಿಸಿದ್ದಾರೆಯೇ? ಯಾರೂ ಏನೂ ಮಾಡಿಸದ ಕುದುರೆ ಯಾವಾಗಲೂ ಒಳ್ಳೆಯ ಕುದುರೆಯೇ. ಕಾಬ್‌ಗಳ ಸ್ವಭಾವ ಸಾಮಾನ್ಯವಾಗಿ ನಿಜಕ್ಕೂ ತಣ್ಣಗಿರುತ್ತದೆ, ಅದರಲ್ಲಿ ಸುಳ್ಳಿಲ್ಲ. ಹೆದರಿ ಓಡುವುದಕ್ಕಿಂತ ನಿಂತು ಯೋಚಿಸುವ ಜಾತಿ. ಆದರೆ ಯೋಚಿಸುವ ಕುದುರೆ ನಿಮ್ಮ ತಪ್ಪನ್ನೂ ಅಷ್ಟೇ ಬೇಗ ಕಲಿಯುತ್ತದೆ. ನಿಮ್ಮ ಗೆಳತಿಯ ಗಾದೆಗೆ ನನ್ನ ತಕರಾರು ಇಲ್ಲೇ ಇರುವುದು. ಗಿಡ ಬಗ್ಗುತ್ತದೆ, ಸರಿ. ಬಗ್ಗಿಸುವ ಕೈ ಎಷ್ಟು ಪಳಗಿದೆ ಅನ್ನುವುದೂ ಮುಖ್ಯ, ಯಾಕೆಂದರೆ ಸೊಟ್ಟಗೆ ಬಗ್ಗಿಸಿದರೂ ಗಿಡ ಬಗ್ಗಿಯೇ ಬಗ್ಗುತ್ತದೆ.

ಕೆಲಸ ಹೇಗಿರುತ್ತದೆ ಅಂತ ಒಂದು ಸಣ್ಣ ಉದಾಹರಣೆ ಕೊಡುತ್ತೇನೆ, ಗೊರಸು ಎತ್ತಿಸುವುದು. ಭುಜದ ಪಕ್ಕ ನಿಂತು, ಕೈಯನ್ನು ಭುಜದಿಂದ ಕೆಳಗೆ ಸವರುತ್ತಾ ಹೋಗಿ ಕಾಲಿನ ಹಿಂದಿನ ಸ್ನಾಯುರಜ್ಜುವನ್ನು ಎರಡು ಬೆರಳಲ್ಲಿ ಮೆಲ್ಲಗೆ ಅಮುಕುತ್ತೀರಿ. ಕಾಬ್ ಏನು ಮಾಡುತ್ತದೆ? ತೂಕವನ್ನೆಲ್ಲ ಅದೇ ಕಾಲಿಗೆ ಹಾಕಿ ನಿಲ್ಲುತ್ತದೆ. ಎಳೆದರೆ ಬರುವುದಿಲ್ಲ, ಎಳೆಯಬಾರದು ಕೂಡ. ಅಮುಕಿದ್ದನ್ನು ಹಾಗೇ ಹಿಡಿದು ಕಾಯಬೇಕು. ಒಂದು ನಿಮಿಷ ಆಗಬಹುದು, ಎರಡಾಗಬಹುದು. ಹಿಮ್ಮಡಿ ಒಂದು ಬೆರಳಷ್ಟು ಮೇಲೆದ್ದಿತೋ ಇಲ್ಲವೋ, ತಕ್ಷಣ ಕೈ ಬಿಡಬೇಕು, ಕುತ್ತಿಗೆ ಕೆರೆಯಬೇಕು. ಅವತ್ತಿಗೆ ಅಷ್ಟು ಸಾಕು. ನಾಲ್ಕೈದು ದಿನ ಆದಮೇಲೆ ಎತ್ತಿದ ಕಾಲನ್ನು ಎರಡು ಎಣಿಸುವವರೆಗೆ ಹಿಡಿಯುವುದು, ಆಮೇಲೆ ಐದು. ಕೈ ಯಾವ ಕ್ಷಣದಲ್ಲಿ ಬಿಡುತ್ತೀರೋ ಆ ಕ್ಷಣದಲ್ಲಿ ಮಾಡುತ್ತಿದ್ದದ್ದನ್ನೇ ಅದು ಸರಿ ಅಂತ ತಿಳಿಯುತ್ತದೆ. ಕಾಲು ಕಿತ್ತುಕೊಂಡಾಗ ಬಿಟ್ಟಿರೋ, ಕಿತ್ತುಕೊಳ್ಳುವುದನ್ನು ಕಲಿಸಿದ ಹಾಗಾಯಿತು. ದಿನಾ ಹತ್ತು ಹದಿನೈದು ನಿಮಿಷ ಹೀಗೆ ಮಾಡಿದರೆ ಒಂದು ತಿಂಗಳಲ್ಲಿ ಗೊರಸು ಕತ್ತರಿಸುವವರ ಮುಂದೆ ನಾಲ್ಕೂ ಕಾಲು ಕೊಡುತ್ತದೆ. ಇದು ನಿಮಗೆ ಓದುವಾಗಲೇ ಇಷ್ಟವಾಯಿತೇ, ಇಲ್ಲ ಯಾವಾಗ ಹತ್ತುವುದು ಅನ್ನಿಸಿತೇ? ಸುಮ್ನೆ ನಿಮ್ಮಷ್ಟಕ್ಕೆ ನೀವೇ ಉತ್ತರ ಕೊಟ್ಟುಕೊಳ್ಳಿ, ಯಾಕೆಂದರೆ ಮುಂದಿನ ಒಂದು ವರ್ಷ ಪೂರ್ತಿ ಈ ಥರದ್ದೇ ಕೆಲಸ.

ಹತ್ತುವುದು ಯಾವಾಗ? ಈ ಕುದುರೆಗೆ ನಾಲ್ಕು ತುಂಬುವವರೆಗೆ ನಾನಾದರೆ ಹತ್ತುವುದಿಲ್ಲ. ಅಲ್ಲಿಯವರೆಗೆ ಕೈಯಲ್ಲಿ ಹಿಡಿದು ರಸ್ತೆ, ನೀರು, ಪ್ಲಾಸ್ಟಿಕ್ ಚೀಲ, ಟ್ರ್ಯಾಕ್ಟರ್ ಎಲ್ಲ ತೋರಿಸುವುದು, ಟ್ರೇಲರ್ ಹತ್ತಿಸಿ ಇಳಿಸುವುದು, ಹಿಂದೆ ನಡೆಯುತ್ತಾ ಎರಡು ಉದ್ದ ಲಗಾಮು ಹಿಡಿದು ಓಡಾಡಿಸುವುದು. ಹೀಗೆ ಹಿಂದಿನಿಂದ ನಡೆಸುವುದನ್ನು ಕಾಬ್‌ಗಳು ಬಹಳ ಬೇಗ ಕಲಿಯುತ್ತವೆ. ನಾಲ್ಕಾದ ಮೇಲೆ ಕೆಲವು ವಾರ ಹಗುರ ಸವಾರಿ, ಹೆಚ್ಚಾಗಿ ನಡಿಗೆಯಲ್ಲೇ, ಆಮೇಲೆ ಮತ್ತೆ ಕೆಲವು ತಿಂಗಳು ಹುಲ್ಲುಗಾವಲಿಗೆ ಬಿಡುವುದು. ನಿಜವಾದ ಕೆಲಸ ಐದಕ್ಕೆ. ಜೀನೂ ಸೇರಿ ನಿಮ್ಮ ತೂಕ ಕುದುರೆಯ ತೂಕದ ನೂರಕ್ಕೆ 15ರಿಂದ 20ರ ಒಳಗಿರಲಿ ಅನ್ನುವುದು ರೂಢಿಯ ಲೆಕ್ಕ, ಎಳೆಯದಕ್ಕೆ 15ರ ಕಡೆಗೇ ಇರಲಿ. ಮತ್ತು ಅದರ ಕೊಬ್ಬನ್ನು ಆ ತೂಕದಲ್ಲಿ ಎಣಿಸಬೇಡಿ. ಇನ್ನು ಜೀನು ಅಂದಿರಾ, ಕಾಬ್ ಬೆನ್ನು ಅಗಲ, ಭುಜದ ಉಬ್ಬು ತಗ್ಗು, ಜೀನು ಪಕ್ಕಕ್ಕೆ ಜಾರುತ್ತದೆ. ಅದರ ಮೇಲೆ ಬೆಳೆಯುವ ಕುದುರೆ, ಒಂದು ತಿಂಗಳು ಹಿಂಭಾಗ ಎತ್ತರ ಇರುತ್ತದೆ, ಇನ್ನೊಂದು ತಿಂಗಳು ಮುಂಭಾಗ. ಕೆಲವು ತಿಂಗಳಿಗೊಮ್ಮೆ ಜೀನು ಸರಿಹೊಂದಿಸಬೇಕಾಗುತ್ತದೆ.

ಕಡಿಮೆ ಬೆಲೆ ಅಂದಿರಿ. ಪಳಗಿದ್ದಕ್ಕೂ ಎಳೆಯದಕ್ಕೂ ತಿನ್ನುವ ಹುಲ್ಲು ಒಂದೇ, ಗೊರಸಿನ ಖರ್ಚು ಒಂದೇ, ಡಾಕ್ಟರ ಫೀಸು ಒಂದೇ. ಎರಡು ವರ್ಷ ಹತ್ತದ ಕುದುರೆಯನ್ನು ಸಾಕಿ, ಕಲಿಸುವವರಿಗೂ ಕೊಟ್ಟರೆ ಉಳಿತಾಯ ಅನ್ನುವುದು ಉಳಿಯುವುದಿಲ್ಲ. ಎಳೆಯದನ್ನು ಇಷ್ಟಕ್ಕೆ ತನ್ನಿ, ಅಗ್ಗ ಅಂತ ತರಬೇಡಿ.

ಕಾಬ್‌ನಲ್ಲಿ ಒಂದು ದೊಡ್ಡ ಕಷ್ಟ ಇದೆ, ಗಾಳಿ ಕುಡಿದರೂ ಮೈಗೆ ಹತ್ತುತ್ತದೆ. ಬಡ ನೆಲದಲ್ಲಿ ಬದುಕಲು ಬೆಳೆದ ದೇಹ, ರಸವತ್ತಾದ ಹುಲ್ಲು ಸಿಕ್ಕರೆ ಕೆಡುತ್ತದೆ. ಜೂಲಿನ ಕೆಳಗೆ ಕುತ್ತಿಗೆ ಮೇಲೆ ಗಟ್ಟಿ ಕೊಬ್ಬಿನ ದಿಂಡು ಬರುತ್ತದೆ, ರಕ್ತದಲ್ಲಿ ಇನ್ಸುಲಿನ್ ಏರುತ್ತದೆ, ಅಲ್ಲಿಂದ ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಗೆ ಮೂಳೆಯನ್ನು ಹಿಡಿದಿರುವ ಪದರ ನೋವು ಬಂದು ಸಡಿಲವಾಗುವುದು. ಕುದುರೆ ಮುಂಗಾಲು ಮುಂದೆ ಚಾಚಿ ಹಿಂದಕ್ಕೆ ಒರಗಿ ನಿಲ್ಲುತ್ತದೆ, ಗಟ್ಟಿ ನೆಲದಲ್ಲಿ ಮುಳ್ಳಿನ ಮೇಲೆ ನಡೆದ ಹಾಗೆ ನಡೆಯುತ್ತದೆ. ನೋಡಲು ಸಂಕಟವಾಗುತ್ತದೆ, ಕೆಲವು ಸಲ ಜೀವವೇ ಹೋಗುತ್ತದೆ. ಹಾಗಾಗಿ ನಿಮ್ಮ ಹತ್ತಿರ ಹುಲ್ಲು ಜಾಸ್ತಿ ಇರುವುದು ಕಾಬ್‌ಗೆ ಒಳ್ಳೆಯ ಸುದ್ದಿ ಅಲ್ಲ. ಹುಲ್ಲಿನ ಜಾಗ ಕಡಿಮೆ ಮಾಡುವ ಬೇಲಿ, ಓಡಾಡಲು ಒಣ ಜಾಗ, ತೂಕ ನೋಡಿ ಹಾಕುವ ಒಣಹುಲ್ಲು, ಇವು ಇವೆಯೇ? ಜೊತೆಗೆ ಇನ್ನೊಂದು ಕುದುರೆ ಇದೆಯೇ? ಒಂಟಿ ಕುದುರೆ ನೆಮ್ಮದಿಯಾಗಿರುವುದಿಲ್ಲ, ಎಳೆಯದಂತೂ ಶಿಸ್ತು ಕಲಿಯುವುದೇ ದೊಡ್ಡ ಕುದುರೆಗಳಿಂದ.

ಮೂರನೇ ಸಲ ನೋಡಲು ಹೋಗಿ. ಈ ಸಲ ಹಿಡಿದು ಕಟ್ಟಿ ಇಟ್ಟಿರಬೇಡಿ, ಬಯಲಲ್ಲೇ ಬಿಟ್ಟಿರಿ ಅಂತ ಮೊದಲೇ ಹೇಳಿ. ಹಿಡಿಯಲು ಬರುತ್ತದೆಯೇ ನೋಡಿ. ಜೊತೆಗಾರರಿಂದ ಬೇರೆ ಮಾಡಿ ಕಣ್ಣಿಗೆ ಕಾಣದಷ್ಟು ದೂರ ಕರೆದುಕೊಂಡು ಹೋಗಿ, ಆಗ ನಿಜ ಸ್ವಭಾವ ಹೊರಗೆ ಬರುತ್ತದೆ. ನಾಲ್ಕೂ ಕಾಲು ಎತ್ತಿಸಿ. ಕಾಲಿನ ಉದ್ದ ಕೂದಲು ಬಿಡಿಸಿ ಚರ್ಮ ಮುಟ್ಟಿ ನೋಡಿ, ಹಕ್ಕಳೆ, ಗಂಟು, ಮಡಿಕೆ ಇದ್ದರೆ ಕೇಳಿ. ಗೊರಸಿನ ಮೇಲೆ ಉಂಗುರದ ಹಾಗೆ ಗೆರೆಗಳಿದ್ದು, ಅವು ಮುಂದೆ ಹತ್ತಿರ ಹಿಂದೆ ಅಗಲವಾಗಿದ್ದರೆ ಮೊದಲೊಮ್ಮೆ ಲ್ಯಾಮಿನೈಟಿಸ್ ಆಗಿರಬಹುದು. ಜೂಲು, ಬಾಲದ ಬುಡ ಉಜ್ಜಿ ಬೋಳಾಗಿದ್ದರೆ ಕೀಟದ ಕಡಿತಕ್ಕೆ ಬರುವ ತುರಿಕೆ ಇರಬಹುದು, ಅದು ವರ್ಷ ವರ್ಷ ಮರಳಿ ಬರುವ ಕಾಯಿಲೆ. ಬೀಜ ಎರಡೂ ತೆಗೆದಿದ್ದಾರೆಯೇ ಅಂತಲೂ ಖಚಿತ ಮಾಡಿಕೊಳ್ಳಿ, ಒಂದು ಒಳಗೇ ಉಳಿದಿದ್ದರೆ ಅದು ಗಂಡಿನ ಹಾಗೇ ಆಡುತ್ತದೆ. ಆಮೇಲೆ ನಿಮ್ಮದೇ ಪಶುವೈದ್ಯರಿಂದ ಪರೀಕ್ಷೆ, ಮಾರುವವರ ವೈದ್ಯರಿಂದ ಅಲ್ಲ. ಹತ್ತದ ಕುದುರೆಗೆ ಓಡಿಸಿ ನೋಡುವ ಪರೀಕ್ಷೆ ಪೂರ್ತಿ ಆಗುವುದಿಲ್ಲ, ಆದರೂ ಹೃದಯ, ಕಣ್ಣು, ಹಲ್ಲು, ನಡಿಗೆ ನೋಡಬಹುದು. ರಕ್ತ ತೆಗೆದು ಇಡಲು ಹೇಳಿ, ಶಾಂತವಾಗಲು ಔಷಧಿ ಕೊಟ್ಟಿದ್ದರೆ ಆಮೇಲೆ ಗೊತ್ತಾಗುತ್ತದೆ. ಕಾಬ್ ಮತ್ತು ಭಾರದ ಕುದುರೆಗಳಲ್ಲಿ ಪಿಎಸ್‌ಎಸ್‌ಎಂ ಅನ್ನುವ ಸ್ನಾಯುವಿನ ವಂಶವಾಹಿ ಕಾಯಿಲೆ ಇರುವುದುಂಟು. ಮೊದಲ ವಿಧದ್ದನ್ನು ಬುಡಸಮೇತ ಕಿತ್ತ ಕೆಲವು ಕೂದಲು ಕಳಿಸಿದರೆ ಪತ್ತೆ ಮಾಡಬಹುದು. ಸೋಮಾರಿ ಅಂತ ಬೈಸಿಕೊಳ್ಳುವ ಎಷ್ಟೋ ಕಾಬ್‌ಗಳಿಗೆ ನಿಜವಾಗಿ ಮೈ ನೋವಿರುತ್ತದೆ, ಇದು ನನ್ನನ್ನು ಬಹಳ ಕಾಡುವ ವಿಷಯ.

ಈಗ ನನ್ನ ಅಭಿಪ್ರಾಯ. ನಿಮ್ಮ ಏಳು ವರ್ಷ ಕಡಿಮೆ ಅಲ್ಲ, ಆದರೆ ಅದು ಗೊತ್ತಿರುವ ಕುದುರೆಯಿಂದ ನೀವು ಕಲಿತ ಏಳು ವರ್ಷ. ಇಲ್ಲಿ ಗೊತ್ತಿರಬೇಕಾದದ್ದು ನಿಮಗೆ. ಬೆಳಕು ಬೇಗ ಹೋಗುವ ತಿಂಗಳುಗಳಲ್ಲಿ ಸಂಜೆ ಒಬ್ಬರೇ ಎಳೆಯ ಕುದುರೆ ಜೊತೆ ಅಂದರೆ ನನಗೆ ಭಯವಾಗುತ್ತದೆ. ಆದ್ದರಿಂದ ನಿರ್ಧಾರ ಇರುವುದು ಕುದುರೆಯ ಹತ್ತಿರ ಅಲ್ಲ, ಮೇಷ್ಟ್ರ ಹತ್ತಿರ. ಅವರ ಬಳಿ ಹೋಗಿ "ಬೇಡ ಅಂದಿರಿ, ತಂದರೆ ವಾರಕ್ಕೆ ಎರಡು ದಿನ ಬಂದು ನನಗೂ ಅದಕ್ಕೂ ಕಲಿಸುತ್ತೀರಾ" ಅಂತ ನೇರವಾಗಿ ಕೇಳಿ. ಹೂಂ ಅಂದರೆ, ಜಾಗ ಸರಿ ಇದ್ದರೆ, ವೈದ್ಯರೂ ಒಪ್ಪಿದರೆ, ತನ್ನಿ. ಅವರಾಗಲಿ ಅವರಷ್ಟೇ ಗೊತ್ತಿರುವ ಇನ್ನೊಬ್ಬರಾಗಲಿ ಒಪ್ಪದಿದ್ದರೆ ಈ ಕುದುರೆ ಬಿಡಿ, ಎಂಟು ಹತ್ತು ವರ್ಷದ, ಸವಾರಿ ಗೊತ್ತಿದ್ದೂ ಅಭ್ಯಾಸ ತಪ್ಪಿರುವ ಕಾಬ್ ಹುಡುಕಿ. ಅದನ್ನು ತಿದ್ದುವುದೂ ಕೆಲಸವೇ, ಅದರಲ್ಲೂ ನೀವು ಬೆಳೆಯುತ್ತೀರಿ, ಮತ್ತು ಮೊದಲ ತಿಂಗಳಿಂದಲೇ ಹತ್ತಬಹುದು. ತಂದರೆ ಮೊದಲ ಮೂರು ವಾರ ಬೇರೆ ಕುದುರೆಗಳಿಂದ ದೂರ ಇಡಿ, ಮೂತಿಗೆ ಮೂತಿ ತಾಗದ ಹಾಗೆ, ಆದರೆ ಒಂದಕ್ಕೊಂದು ಕಾಣುವ ಹಾಗೆ. ಸ್ಟ್ರಾಂಗಲ್ಸ್ ಅನ್ನುವ ಗಂಟಲು ಬಾವು ಹೊಸ ಕುದುರೆ ಜೊತೆಗೇ ಬರುವುದು ಜಾಸ್ತಿ.

ಪ್ರಶ್ನೆ: ನಾಲ್ಕೂವರೆ ವರ್ಷದ ಕಾಬ್ ತಂದು ಆರು ತಿಂಗಳಾಯಿತು. ಎಲ್ಲ ಚೆನ್ನಾಗಿದೆ, ಆದರೆ ಹುಲ್ಲು ಕಂಡರೆ ನನ್ನನ್ನು ಎಳೆದುಕೊಂಡೇ ಹೋಗುತ್ತದೆ. ಗಡುಸಾದ ಕಡಿವಾಣ ಹಾಕಿ ಅನ್ನುತ್ತಾರೆ. ಹಾಕಲೇ?

ಉತ್ತರ: ಬೇಡ. ನಾಲ್ಕೂವರೆಗೆ ಮೂಲೆ ಹಲ್ಲು ಬರುತ್ತಿರುತ್ತದೆ, ಬಾಯಿ ಮೊದಲೇ ನೋಯುತ್ತಿರಬಹುದು. ಅದು ಹೊರಡುವುದನ್ನು ನಿಧಾನವಾಗಿ ನೆನಪಿಸಿಕೊಳ್ಳಿ. ಮೊದಲು ಕಿವಿ, ಕಣ್ಣು ಹುಲ್ಲಿನ ಕಡೆ ತಿರುಗುತ್ತದೆ. ಆಮೇಲೆ ಹತ್ತಿರದ ಭುಜ ನಿಮ್ಮ ಕಡೆ ಬರುತ್ತದೆ, ತಲೆ ಆಚೆ ಹೋಗುತ್ತದೆ, ಕುತ್ತಿಗೆ ಗಟ್ಟಿಯಾಗುತ್ತದೆ. ಕುತ್ತಿಗೆ ಒಮ್ಮೆ ನೇರವಾಗಿ ಗಟ್ಟಿಯಾದರೆ ಯಾವ ಕಡಿವಾಣವೂ ಯಾವ ತೋಳೂ ಹಿಡಿಯುವುದಿಲ್ಲ. ನೀವು ಕೆಲಸ ಮಾಡಬೇಕಾದದ್ದು ಕಿವಿ ತಿರುಗಿದ ಹೊತ್ತಿಗೇ. ತಲೆಯನ್ನು ನಿಮ್ಮ ಕಡೆಗೆ ಬಗ್ಗಿಸಿ, ಹಿಂಗಾಲನ್ನು ಒಂದು ಹೆಜ್ಜೆ ಆಚೆಗೆ ಸರಿಸಿ. ಬಗ್ಗಿದ ಕುದುರೆಗೆ ತೂಕ ಹಾಕಲು ಆಗುವುದಿಲ್ಲ. ಇದನ್ನು ಮೊದಲು ಹುಲ್ಲಿಲ್ಲದ, ಸುತ್ತ ಬೇಲಿ ಇರುವ ಜಾಗದಲ್ಲಿ ಕಲಿಸಿ: ನಡೆ, ನಿಲ್ಲು, ಎರಡು ಹೆಜ್ಜೆ ಹಿಂದೆ, ಮತ್ತೆ ನಡೆ. ದಿನಾ ಹತ್ತು ನಿಮಿಷ. ಕೈಗವಸು ಹಾಕಿ, ಹಗ್ಗ ಉದ್ದ ಇರಲಿ, ಯಾವ ಕಾರಣಕ್ಕೂ ಕೈಗೆ ಸುತ್ತಿಕೊಳ್ಳಬೇಡಿ, ಬೆರಳೇ ಹೋದವರಿದ್ದಾರೆ.

ಹುಲ್ಲನ್ನು ಪೂರ್ತಿ ನಿಲ್ಲಿಸಲೂ ಬೇಡಿ. ಚೆನ್ನಾಗಿ ನಡೆದು ನಿಂತಾಗ ನೀವೇ ತಲೆ ತಗ್ಗಿಸಲು ಹೇಳಿ ಎರಡು ಬಾಯಿ ತಿನ್ನಿಸಿ, ಮತ್ತೆ ತಲೆ ಎತ್ತಿಸಿ ಹೊರಡಿ. ಕೇಳಿದರೆ ಸಿಗುತ್ತದೆ, ಎಳೆದರೆ ಸಿಗುವುದಿಲ್ಲ ಅಂತ ಅದಕ್ಕೆ ಕೆಲವೇ ವಾರದಲ್ಲಿ ಅರ್ಥವಾಗುತ್ತದೆ. ಇನ್ನೊಂದು ಮಾತು, ತೆಳ್ಳಗಾಗಲಿ ಅಂತ ಗಂಟೆಗಟ್ಟಲೆ ಉಪವಾಸ ಇಟ್ಟಿದ್ದೀರಾ? ಕುದುರೆಯ ಹೊಟ್ಟೆಯಲ್ಲಿ ಆಮ್ಲ ಸದಾ ಬರುತ್ತಲೇ ಇರುತ್ತದೆ, ತಿನ್ನದಿದ್ದರೆ ಹುಣ್ಣಾಗುತ್ತದೆ. ತೂಕ ಇಳಿಸಬೇಕಿದ್ದರೂ ದಿನಕ್ಕೆ ದೇಹತೂಕದ ನೂರಕ್ಕೆ ಒಂದೂವರೆ ಭಾಗದಷ್ಟು ಒಣ ಮೇವು ಸಿಗಲಿ, ಸಣ್ಣ ಕಣ್ಣಿನ ಬಲೆಯಲ್ಲಿ ಹಾಕಿ ನಿಧಾನ ತಿನ್ನುವ ಹಾಗೆ ಮಾಡಿ. ಅದಕ್ಕಿಂತ ಕಡಿಮೆ ಮಾಡುವುದಿದ್ದರೆ ವೈದ್ಯರನ್ನು ಕೇಳಿಯೇ ಮಾಡಿ.

ಪ್ರಶ್ನೆ: ಎರಡು ವರ್ಷದ ಹೆಣ್ಣು ಕಾಬ್ ಕೊಂಡೆ. ಗಂಡು ಹೆಣ್ಣು ಎಲ್ಲ ಒಟ್ಟಿಗೆ ಬಿಟ್ಟಿದ್ದ ಹಿಂಡಿನದು. ಹೊಟ್ಟೆ ದೊಡ್ಡದಾಗುತ್ತಿದೆ. ಹುಲ್ಲಿನ ಹೊಟ್ಟೆ ಅನ್ನುತ್ತಾರೆ. ಗಬ್ಬ ಆಗಿರಬಹುದೇ?

ಉತ್ತರ: ಖಂಡಿತ ಆಗಿರಬಹುದು, ತಡ ಮಾಡದೆ ವೈದ್ಯರನ್ನು ಕರೆಸಿ. ಹೆಣ್ಣು ಮರಿ ಒಂದು ಒಂದೂವರೆ ವರ್ಷಕ್ಕೇ ಬೆದೆಗೆ ಬರುತ್ತದೆ, ಗಂಡು ಮರಿಯೂ ಎರಡು ತುಂಬುವ ಮೊದಲೇ ಸಾಕಷ್ಟು ದೊಡ್ಡದಾಗಿರುತ್ತದೆ. ಬೀಜ ಒಡೆಸಿದ ಮೇಲೂ ಕೆಲವು ವಾರ ಗಂಡನ್ನು ನಂಬುವ ಹಾಗಿಲ್ಲ. ಹನ್ನೊಂದು ತಿಂಗಳು, ಹತ್ತಿರ ಹತ್ತಿರ 340 ದಿನ ಹೊರುವುದರಿಂದ, ಕೊಂಡು ತಿಂಗಳುಗಳಾದ ಮೇಲೆ ಒಂದು ಬೆಳಿಗ್ಗೆ ಬಯಲಲ್ಲಿ ಮರಿ ನಿಂತಿರುವುದು ಎಷ್ಟೋ ಜನಕ್ಕೆ ಆಗಿದೆ. ಸ್ಕ್ಯಾನ್ ಅಥವಾ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಯಾವ ಪರೀಕ್ಷೆ ಅನ್ನುವುದು ಎಷ್ಟು ತಿಂಗಳಾಗಿರಬಹುದು ಅನ್ನುವುದರ ಮೇಲೆ ಹೋಗುತ್ತದೆ, ಆದ್ದರಿಂದ ಹಿಂಡಿನಿಂದ ಬಂದ ತಾರೀಕು ವೈದ್ಯರಿಗೆ ಹೇಳಿ. ಗಬ್ಬ ಇಲ್ಲದಿದ್ದರೆ ಜಂತು ಇರಬಹುದು, ಸಗಣಿ ಪರೀಕ್ಷೆ ಅದೇ ದಿನ ಮಾಡಿಸಿ. ಜಂತಿನ ಔಷಧಿ ಮಾತ್ರ ಗಬ್ಬ ಇದೆಯೋ ಇಲ್ಲವೋ ತಿಳಿಯುವ ಮೊದಲು ನೀವಾಗಿ ಕೊಡಬೇಡಿ. ಗಬ್ಬ ಇದೆ ಅಂತಾದರೆ, ಅದಿನ್ನೂ ತಾನೇ ಬೆಳೆಯುತ್ತಿರುವ ಮಗು, ಹೊಟ್ಟೆಯಲ್ಲಿರುವುದಕ್ಕೂ ಸೇರಿ ಮೇವು, ಖನಿಜ ಎಷ್ಟು ಬೇಕು ಅಂತ ಬರೆಸಿಕೊಳ್ಳಿ, ಈಯುವ ಹೊತ್ತಿಗೆ ಪಕ್ಕದಲ್ಲಿ ಗೊತ್ತಿರುವವರು ಇರುವ ಹಾಗೆ ಈಗಲೇ ಗೊತ್ತು ಮಾಡಿ. ನಿಮ್ಮ ಸವಾರಿಯ ಯೋಜನೆ ಎರಡು ವರ್ಷ ಮುಂದೆ ಹೋಗುತ್ತದೆ, ಪರವಾಗಿಲ್ಲ.

ಪ್ರಶ್ನೆ: ನನ್ನ ಮೂರು ವರ್ಷದ ಜಿಪ್ಸಿ ಕಾಬ್ ರಾತ್ರಿಯೆಲ್ಲ ಹಿಂಗಾಲು ನೆಲಕ್ಕೆ ಕುಟ್ಟುತ್ತದೆ, ಹಲ್ಲಿನಿಂದ ಕಾಲು ಕೆರೆದುಕೊಳ್ಳುತ್ತದೆ. ಅಭ್ಯಾಸವೇ?

ಉತ್ತರ: ಅಭ್ಯಾಸ ಅಲ್ಲ, ತುರಿಕೆ. ಕಾಲಿನ ಉದ್ದ ಕೂದಲೊಳಗೆ ಕೊರಿಯಾಪ್ಟಿಸ್ ಅನ್ನುವ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹುಳ ಸೇರಿರುವ ಸಾಧ್ಯತೆ ಜಾಸ್ತಿ. ಚರ್ಮದ ಮೇಲೆಯೇ ಇರುವುದರಿಂದ ಬಾಯಿಗೆ ಕೊಡುವ ಜಂತಿನ ಔಷಧಿ ಅದಕ್ಕೆ ಪೂರ್ತಿ ತಾಗುವುದಿಲ್ಲ. ವೈದ್ಯರು ಚರ್ಮ ಕೆರೆದು ನೋಡಲಿ. ಕಾಲಿನ ಕೂದಲು ಕತ್ತರಿಸಲು ಹೇಳಿದರೆ ಕತ್ತರಿಸಿ, ಚೆಂದ ಹೋಗುತ್ತದೆ ಅಂತ ಯೋಚಿಸಬೇಡಿ, ಮತ್ತೆ ಬರುತ್ತದೆ. ಹಚ್ಚುವ ಔಷಧಿ ಚರ್ಮಕ್ಕೆ ಮುಟ್ಟಬೇಕಾದರೆ ಅದೇ ದಾರಿ. ಜೊತೆಗಿರುವ ಎಲ್ಲ ಕುದುರೆಗೂ ಒಂದೇ ಸಲ ಚಿಕಿತ್ಸೆ ಮಾಡಿಸಿ, ಕೆಳಗೆ ಹಾಸಿದ್ದನ್ನೆಲ್ಲ ತೆಗೆದುಬಿಡಿ, ಹುಳ ಅದರಲ್ಲಿ ವಾರಗಟ್ಟಲೆ ಬದುಕುತ್ತದೆ. ಕಾಲು ಊದಿಕೊಂಡು ಚರ್ಮ ಮಡಿಕೆ ಬಿದ್ದಿದ್ದರೆ ಅದನ್ನು ಬೇರೆಯಾಗಿ ತೋರಿಸಿ, ಉದ್ದ ಕೂದಲಿನ ಕುದುರೆಗಳಲ್ಲಿ ದುಗ್ಧನಾಳ ಕೆಟ್ಟು ಹಾಗಾಗುವ ಕಾಯಿಲೆ ಇದೆ. ಅದು ವಾಸಿಯಾಗುವುದಿಲ್ಲ, ಬೇಗ ಗೊತ್ತಾದರೆ ಮಾತ್ರ ತಡೆದು ಇಡಬಹುದು. ಔಷಧಿ ಹಚ್ಚುವಾಗ ಹಿಂದೆ ನಿಲ್ಲಬೇಡಿ, ಪಕ್ಕದಲ್ಲಿ ಸೊಂಟಕ್ಕೆ ಅಂಟಿ ನಿಲ್ಲಿ, ತುರಿಕೆ ಇರುವ ಕಾಲು ಮುಟ್ಟಿದ ತಕ್ಷಣ ಹಾರುತ್ತದೆ.